ಜಿಪ್ಸಿಯ ಸ್ಟಾಕ್ ಎಂಜಿನ್ನಿಗೆ ಸೂಪರ್‌ಚಾರ್ಜರ್ ಹಾಕಿಸುವ ಮುಂಚೆ ಇದನ್ನು ಓದಿ

ಕೋಲಾರ, ಮುಳಬಾಗಿಲು, ಚಿಂತಾಮಣಿ ಕಡೆ ಜಿಪ್ಸಿ ಇಟ್ಟುಕೊಂಡಿರುವ ಹುಡುಗರ ಕಿವಿಗೆ ಈಗ ಒಂದೇ ಮಾತು ಬೀಳುತ್ತಿದೆ. "ಎಂಜಿನ್ ಬಿಚ್ಚೋದೇ ಬೇಡ. ಸೂಪರ್‌ಚಾರ್ಜರ್ ಕಿಟ್ ಕೂರಿಸಿದ್ರೆ ಸಾಕು, 80 ಕುದುರೆ 120 ಆಗುತ್ತೆ." ನನಗೂ ಇದನ್ನೇ ಹೇಳಿದ್ದರು. ಸೂಪರ್‌ಚಾರ್ಜರ್ ಅಂದರೆ ಎಂಜಿನ್ನಿನ ಒಳಕ್ಕೆ ಗಾಳಿಯನ್ನು ಒತ್ತಿ ತುಂಬುವ ಬ್ಲೋವರ್. ಕಿಟ್ಟಿಗೆ ಒಂದೂಮುಕ್ಕಾಲು ಲಕ್ಷ ಹೋಯಿತು. ಅದರ ಹಿಂದೆಯೇ ಎಂಜಿನ್ನೂ ಹೋಯಿತು. ವರ್ಕ್‌ಶಾಪಿನ ಹೆಸರು ಬರೆಯುವುದಿಲ್ಲ. ಅಲ್ಲಿ ಏನು ಮಾಡಿದರು, ಏನು ಮಾಡದೇ ಬಿಟ್ಟರು ಅನ್ನುವುದನ್ನು ಹೇಳುತ್ತೇನೆ. ಅದು ಗೊತ್ತಿದ್ದರೆ ಎಲ್ಲಿ ಈ ಕೆಲಸ ನಡೆದರೂ ನೀವು ಹಿಡಿಯಬಹುದು.

ನನ್ನದು ಎಂಪಿಎಫ್‌ಐ ಜಿಪ್ಸಿ, ಅಂದರೆ ಕಾರ್ಬ್ಯುರೇಟರ್ ಬದಲು ಇಂಜೆಕ್ಟರಿನಿಂದ ಪೆಟ್ರೋಲ್ ಚಿಮ್ಮಿಸುವುದು. 1.3 ಲೀಟರಿನ ಜಿ13ಬಿಬಿ ಎಂಜಿನ್, 16 ವಾಲ್ವ್, 80 ಬಿಎಚ್‌ಪಿ. ಟಾರ್ಕ್ 103 ಎನ್‌ಎಂ, ಅದೂ 4500 ಆರ್‌ಪಿಎಂಗೆ ಹೋದಮೇಲೆ. ಬಂಡೆ ಹತ್ತುವಾಗ ನಮಗೆ ಬೇಕಿರುವುದು 1500, 2000ದಲ್ಲಿ ಎಳೆಯುವ ಶಕ್ತಿ. ಜೊತೆಗೆ ನಮ್ಮ ಊರು ಸಮುದ್ರ ಮಟ್ಟದಿಂದ 800 ಮೀಟರಿಗಿಂತ ಮೇಲಿದೆ. ಗಾಳಿಯೇ ತೆಳು, ಆದ್ದರಿಂದ ಎಂಜಿನ್ ಶಕ್ತಿ ಸ್ವಲ್ಪ ಕಮ್ಮಿಯೇ. ಟರ್ಬೋ ಆದರೆ ಹೊಗೆ ಜೋರಾಗಿ ಬರುವವರೆಗೂ ಕಾಯಬೇಕು. ಸೂಪರ್‌ಚಾರ್ಜರ್ ಕ್ರ್ಯಾಂಕ್ ಪುಲ್ಲಿಯಿಂದ ಬೆಲ್ಟಿನಲ್ಲಿ ತಿರುಗುವುದರಿಂದ ಕಡಿಮೆ ಆರ್‌ಪಿಎಂನಲ್ಲೇ ಗಾಳಿ ತಳ್ಳುತ್ತದೆ. ಹಾಗಾಗಿ ಆಫ್‌ರೋಡ್ ಗಾಡಿಗೆ ಇದೇ ಸರಿ ಅನ್ನುವ ಮಾತಿನಲ್ಲಿ ಸುಳ್ಳೇನೂ ಇಲ್ಲ. ಸುಳ್ಳು ಇರುವುದು "ಎಂಜಿನ್ ಬಿಚ್ಚೋದೇ ಬೇಡ" ಅನ್ನುವಲ್ಲಿ.

ಅವರು ಹಾಕಿದ್ದು ಈಟನ್ ಎಂ45. ಹಳೇ ಮಿನಿ ಕೂಪರ್ ಎಸ್‌ನಿಂದ ಬಿಚ್ಚಿದ ಸ್ಕ್ರಾಪ್ ಯೂನಿಟ್. ಲೇತಿನಲ್ಲಿ ಒಂದು ಪುಲ್ಲಿ ಕಡೆಸಿದರು, ಬ್ರ್ಯಾಕೆಟ್ ವೆಲ್ಡ್ ಮಾಡಿದರು, ಡ್ಯಾಶ್‌ಬೋರ್ಡಿನ ಮೇಲೆ ಬೂಸ್ಟ್ ಗೇಜ್ ಕೂರಿಸಿದರು. ಬೂಸ್ಟ್ ಅಂದರೆ ಹೊರಗಿನ ಗಾಳಿಯ ಒತ್ತಡಕ್ಕಿಂತ ಮೇಲೆ ತುಂಬುವ ಒತ್ತಡ. ಮುಳ್ಳು 7 ಪಿಎಸ್‌ಐ ತೋರಿಸುತ್ತಿತ್ತು. ಒತ್ತಿದ ಗಾಳಿಯನ್ನು ತಣ್ಣಗೆ ಮಾಡುವ ಇಂಟರ್‌ಕೂಲರ್ ಇಲ್ಲ. ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು ಸ್ಟಾಕ್ (ಕಂಪನಿಯದೇ), ಇಂಜೆಕ್ಟರ್ ಸ್ಟಾಕ್, ಸ್ಪಾರ್ಕ್ ಪ್ಲಗ್ಗೂ ಸ್ಟಾಕ್. ಕೇಳಿದ್ದಕ್ಕೆ "ಪೆಟ್ರೋಲ್ ಪ್ರೆಶರ್ ಜಾಸ್ತಿ ಮಾಡಿದ್ದೀವಿ ಸಾರ್, ಅಷ್ಟು ಸಾಕು" ಅಂದರು.

ಮೊದಮೊದಲು ಗಾಡಿ ಚೆನ್ನಾಗಿಯೇ ಓಡಿತು. ಮುಳಬಾಗಿಲು ಹೈವೇಯಲ್ಲಿ ಹೊಸ ಗಾಡಿ ಓಡಿಸಿದ ಹಾಗಿತ್ತು. ಪೆಟ್ಟು ಬಿದ್ದದ್ದು ಬೇಸಿಗೆಯಲ್ಲಿ, ತೇರಹಳ್ಳಿ ಬೆಟ್ಟದ ಕಡೆ ಫಸ್ಟ್ ಗೇರಿನಲ್ಲಿ ನಿಧಾನಕ್ಕೆ ಹತ್ತುವಾಗ. ಕಾಲು ಒತ್ತಿದರೆ ಎಂಜಿನ್ನಿನ ಒಳಗಿಂದ ತಗಡಿನ ಡಬ್ಬಿಯಲ್ಲಿ ಗೋಲಿ ಹಾಕಿ ಕುಲುಕಿದಂಥ ಸದ್ದು. ಕಾಲು ತೆಗೆದರೆ ಸದ್ದಿಲ್ಲ. ಅಲ್ಲಿಂದಲೇ ವರ್ಕ್‌ಶಾಪಿಗೆ ಫೋನ್ ಮಾಡಿದೆ. "ಅದು ಟ್ಯಾಪೆಟ್ ಸದ್ದು ಸಾರ್, ಬಂದಾಗ ಸೆಟ್ ಮಾಡ್ತೀವಿ, ಓಡಿಸಿ" ಅಂದರು. ಈ ಮಾತನ್ನು ಯಾವತ್ತೂ ನಂಬಬೇಡಿ. ಟ್ಯಾಪೆಟ್ ಸದ್ದಾದರೆ ಐಡಲ್‌ನಲ್ಲೂ ಇರುತ್ತದೆ. ಲೋಡ್ ಬಿದ್ದಾಗ ಮಾತ್ರ ಬಂದು ಕಾಲು ತೆಗೆದರೆ ಹೋಗುವ ಸದ್ದು ನಾಕಿಂಗ್, ಅಂದರೆ ಸಿಲಿಂಡರಿನಲ್ಲಿ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಹೊತ್ತಲ್ಲದ ಹೊತ್ತಿನಲ್ಲಿ ತಾನೇ ಸಿಡಿಯುವುದು.

ಇಳಿಯುವಷ್ಟರಲ್ಲಿ ಸೈಲೆನ್ಸರಿನಿಂದ ನೀಲಿ ಹೊಗೆ. ಬಾನೆಟ್ ಎತ್ತಿದರೆ ಆಯಿಲ್ ಡಿಪ್‌ಸ್ಟಿಕ್ ತಾನಾಗಿ ಮೇಲೆದ್ದು ನಿಂತಿತ್ತು, ಸುತ್ತ ಎಲ್ಲ ಆಯಿಲ್ ಚಿಮ್ಮಿತ್ತು. ಪಿಸ್ಟನ್ ದಾಟಿ ಕೆಳಗಿಳಿದ ಒತ್ತಡ ಅದನ್ನು ಹೊರಕ್ಕೆ ತಳ್ಳಿತ್ತು.

ಗಾಡಿ ಕಟ್ಟಿಸಿಕೊಂಡು ಕೋಲಾರಕ್ಕೆ ತಂದು, ಮೊದಲಿಂದ ನನ್ನ ಗಾಡಿ ನೋಡುವ ಮೆಕ್ಯಾನಿಕ್ ಭಾಯ್ ಹತ್ತಿರ ಬಿಟ್ಟೆ. ಅವರು ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಹಾಕಿದರು. ಒಂದು, ಎರಡು, ನಾಲ್ಕನೇ ಸಿಲಿಂಡರ್ 165 ಪಿಎಸ್‌ಐ ಆಸುಪಾಸು ತೋರಿಸಿದವು. ಮೂರನೆಯದು 60 ದಾಟಲಿಲ್ಲ. ಅದಕ್ಕೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿದರು, ಸ್ವಲ್ಪ ಏರಿತು. ಅಂದರೆ ವಾಲ್ವ್ ಅಲ್ಲ, ರಿಂಗಿನ ಕಡೆ ಏಟು ಬಿದ್ದಿದೆ. ಆಮೇಲೆ ಆ ಪ್ಲಗ್ಗನ್ನು ಬೆಳಕಿಗೆ ಹಿಡಿದು, "ಅಣ್ಣ, ಇಲ್ಲಿ ನೋಡಿ" ಅಂತ ಭೂತಗನ್ನಡಿ ಕೊಟ್ಟರು. ಬಿಳಿ ಪಿಂಗಾಣಿಯ ಮೇಲೆ ಸಾಸಿವೆಗಿಂತ ಸಣ್ಣ ಬೂದು ಬಣ್ಣದ ಚುಕ್ಕೆಗಳು. ಉಗುರಿನಲ್ಲಿ ಕೆರೆದರೆ ಹೊಳೆಯುತ್ತಿದ್ದವು. ಅದು ಪಿಸ್ಟನ್ನಿನ ಅಲ್ಯೂಮಿನಿಯಂ, ಕರಗಿ ಹಾರಿ ಅಲ್ಲಿ ಅಂಟಿತ್ತು. ಹೆಡ್ ಇಳಿಸಿ ಪಿಸ್ಟನ್ ಹೊರಗೆ ತೆಗೆದಾಗ ಮೇಲಿನ ರಿಂಗಿಗೂ ಎರಡನೇ ರಿಂಗಿಗೂ ನಡುವೆ ಇರುವ ಅಂಚು ಅರ್ಧ ಸುತ್ತು ಮುರಿದಿತ್ತು. ಮುರಿದ ಚೂರು ಬೋರಿನ ಉದ್ದಕ್ಕೂ ಗೀರು ಎಳೆದಿತ್ತು.

ಹೀಗೆ ಯಾಕಾಯಿತು ಅನ್ನುವುದು ಮುಖ್ಯ. ಬಹಳ ಜನಕ್ಕೆ "ಬೂಸ್ಟ್ ಜಾಸ್ತಿ ಆಯ್ತು" ಅನ್ನುವಷ್ಟೇ ಗೊತ್ತಿರುತ್ತದೆ.

ಜಿಪ್ಸಿಯ ಇಸಿಯು ಗಾಳಿ ಎಷ್ಟು ಬರುತ್ತಿದೆ ಎಂದು ತಿಳಿಯುವುದು ಮ್ಯಾಪ್ ಸೆನ್ಸರಿನಿಂದ. ಈ ಎಂಜಿನ್ನಿಗೆ ಬೂಸ್ಟ್ ಅನ್ನುವುದೇ ಇಲ್ಲದ್ದರಿಂದ ಆ ಸೆನ್ಸರ್ ಹೊರಗಿನ ವಾತಾವರಣದ ಒತ್ತಡದವರೆಗೆ ಅಳೆಯಲು ಮಾತ್ರ ಮಾಡಿದ್ದು. ಅದಕ್ಕಿಂತ ಮೇಲೆ ಹೋದದ್ದು ಅದಕ್ಕೆ ಕಾಣುವುದೇ ಇಲ್ಲ. 7 ಪಿಎಸ್‌ಐ ಅಂದರೆ ಹೆಚ್ಚುಕಮ್ಮಿ ಅರ್ಧ ಬಾರ್, ಹೊರಗಿನ ಒತ್ತಡದ ಅರ್ಧದಷ್ಟು ಮೇಲೆ. ಅಷ್ಟು ಗಾಳಿ ಒಳಗೆ ಹೋಗುತ್ತಿದ್ದರೂ ಇಸಿಯು ಹಳೇ ಲೆಕ್ಕದಲ್ಲೇ ಪೆಟ್ರೋಲ್ ಹಾಕುತ್ತದೆ, ಹಳೇ ಲೆಕ್ಕದಲ್ಲೇ ಸ್ಪಾರ್ಕ್ ಕೊಡುತ್ತದೆ. ಬೂಸ್ಟ್ ಇದ್ದಾಗ ಸ್ಪಾರ್ಕ್ ತಡವಾಗಿ ಬರಬೇಕು, ಪೆಟ್ರೋಲ್ ಜಾಸ್ತಿ ಬೀಳಬೇಕು. ಇಲ್ಲಿ ಎರಡೂ ಆಗಲಿಲ್ಲ, ಹಾಗಾಗಿ ನಾಕಿಂಗ್. ರೆಗ್ಯುಲೇಟರ್ ತಿರುಗಿಸಿ ಪ್ರೆಶರ್ ಏರಿಸಿದರೆ ಐಡಲ್‌ನಲ್ಲಿ ಪೆಟ್ರೋಲ್ ಸುಮ್ನೆ ಜಾಸ್ತಿ ಬೀಳುತ್ತದೆ. ಪೂರ್ತಿ ಬೂಸ್ಟಿನಲ್ಲಿ ಆ ಸಣ್ಣ ಇಂಜೆಕ್ಟರ್ ಸಾಲುವುದೇ ಇಲ್ಲ.

ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ 20 ಶೇಕಡಾ ಎಥನಾಲ್ ಇದೆ. ಎಥನಾಲ್ ನಾಕಿಂಗ್ ತಡೆಯುತ್ತದೆ, ಅದು ಒಳ್ಳೆಯದೇ. ಆದರೆ ಬರೀ ಪೆಟ್ರೋಲ್ 14.7 ಪಾಲು ಗಾಳಿಗೆ ಒಂದು ಪಾಲು ಸಾಕಾದರೆ, ಇದಕ್ಕೆ ಸುಮಾರು 13.5 ಪಾಲಿಗೇ ಒಂದು ಪಾಲು ಬೇಕು. ಮೊದಲೇ ಸಾಲದ ಇಂಜೆಕ್ಟರಿಗೆ ಇನ್ನೂ ಹೊರೆ.

ಬಿಸಿಯ ವಿಷಯ ಇನ್ನೊಂದು. ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ, ಗಾಳಿ ಕಾದಷ್ಟೂ ನಾಕಿಂಗ್ ಬೇಗ. ಕೋಲಾರದ 35 ಡಿಗ್ರಿ ಬಿಸಿಲಿನ ಗಾಳಿ ಈ ಬಗೆಯ ಬ್ಲೋವರಿನಲ್ಲಿ 7 ಪಿಎಸ್‌ಐಗೆ ಹೋಗಿ ಹೊರಬರುವಾಗ 100 ಡಿಗ್ರಿ ಹತ್ತಿರ ಇರುತ್ತದೆ. ಹೈವೇಯಲ್ಲಿ ಮುಂದಿನಿಂದ ಗಾಳಿ ಬೀಸುವುದರಿಂದ ಬಾನೆಟ್ ಒಳಗೆ ಸ್ವಲ್ಪ ತಣ್ಣಗಿರುತ್ತದೆ. ಬೆಟ್ಟದಲ್ಲಿ ನಡಿಗೆಯ ವೇಗದಲ್ಲಿ ಹತ್ತುವಾಗ ಗಾಳಿ ಎಲ್ಲಿಂದ ಬರಬೇಕು? ಬ್ಲೋವರಿನ ಅಲ್ಯೂಮಿನಿಯಂ ಮೈ ಕೈ ಇಡಲಾಗದಷ್ಟು ಕಾದು ಕೂತಿರುತ್ತದೆ. ಹೈವೇಯಲ್ಲಿ ಸದ್ದಿಲ್ಲದೆ ಓಡಿದ್ದು ಬೆಟ್ಟದಲ್ಲಿ ಯಾಕೆ ಹೋಯಿತು ಅನ್ನುವುದಕ್ಕೆ ಇದೇ ಉತ್ತರ. ಟ್ರಯಲ್ ಅಂತ ವರ್ಕ್‌ಶಾಪಿನವರು ಹೈವೇಯಲ್ಲಿ ಒಂದು ಸುತ್ತು ಹೊಡೆಸಿ ಕೊಟ್ಟರೆ ಅದು ನಮ್ಮ ಉಪಯೋಗಕ್ಕೆ ಟ್ರಯಲ್ಲೇ ಅಲ್ಲ.

ಕಂಪನಿಯವರು ಇದನ್ನು ಹೇಗೆ ಮಾಡಿದ್ದರು ನೋಡಿ. ಆ ಬ್ಲೋವರ್ ಬಂದ ಮಿನಿಯಲ್ಲೇ ಉದಾಹರಣೆ ಇದೆ. 1.6 ಲೀಟರಿನ ಒಂದೇ ಜಾತಿಯ ಎಂಜಿನ್. ಸಾದಾ ಕೂಪರ್‌ನಲ್ಲಿ ಕಂಪ್ರೆಷನ್, ಅಂದರೆ ಸಿಲಿಂಡರಿನ ಗಾಳಿಯನ್ನು ಪಿಸ್ಟನ್ ಎಷ್ಟು ಪಟ್ಟು ಒತ್ತುತ್ತದೆ ಅನ್ನುವುದು, 10.6:1. ಸೂಪರ್‌ಚಾರ್ಜರ್ ಇರುವ ಕೂಪರ್ ಎಸ್‌ನಲ್ಲಿ ಅದನ್ನು 8.3:1ಕ್ಕೆ ಇಳಿಸಿದ್ದರು. ಮೇಲೆ ಇಂಟರ್‌ಕೂಲರ್ ಇಟ್ಟು, ಅದಕ್ಕೆ ಗಾಳಿ ಬರಲಿ ಅಂತ ಬಾನೆಟ್ಟಿನಲ್ಲಿ ಕಿಂಡಿ ಬಿಟ್ಟಿದ್ದರು. ಅಲ್ಲಿಂದ ಬ್ಲೋವರ್ ಒಂದನ್ನೇ ಬಿಚ್ಚಿ ತಂದು, ಉಳಿದದ್ದೆಲ್ಲ ಅಲ್ಲೇ ಬಿಟ್ಟು, ನನ್ನ ಎಂಜಿನ್ನಿನ ಮೇಲೆ ಕೂರಿಸಿದರು. ಆ ಯೂನಿಟ್ಟಿನ ಮೂತಿಯಲ್ಲಿ ಗೇರುಗಳಿಗೆ ಅಂತ ಬೇರೆಯೇ ಆಯಿಲ್ ಇರುತ್ತದೆ. ಆಮೇಲೆ ಭಾಯ್ ಅದನ್ನು ಬಿಚ್ಚಿದಾಗ ಒಳಗೆ ಉಳಿದಿದ್ದ ಚೂರುಪಾರು ಆಯಿಲ್ ಕರ್ರಗೆ ಸುಟ್ಟು ವಾಸನೆ ಹೊಡೆಯುತ್ತಿತ್ತು. ಫಿಲ್ಟರ್ ಪೈಪಿನ ಕ್ಲಾಂಪ್ ಸಡಿಲವಿದ್ದ ಕಡೆಯಿಂದ ಕೆಂಪು ಮಣ್ಣು ಒಳಗೆ ಹೋಗಿ ರೋಟರಿನ ಮೇಲಿನ ಲೇಪ ಉಜ್ಜಿಹೋಗಿತ್ತು.

ವರ್ಕ್‌ಶಾಪಿನವರ ಕೊನೇ ಮಾತು: "ನಿಮ್ಮ ಎಂಜಿನ್ ಹಳೇದು ಸಾರ್, ನಮ್ಮ ಕಿಟ್ಟಿನ ತಪ್ಪಲ್ಲ." ಇದನ್ನು ನಾನು ಒಪ್ಪುವುದಿಲ್ಲ. ಶ್ರೀನಿವಾಸಪುರದ ಗೆಳೆಯನೊಬ್ಬ ಅಲ್ಲೇ ಅದೇ ಕಿಟ್ ಹಾಕಿಸಿದ್ದ. ಅವನ ಎಂಜಿನ್ ಆಗಷ್ಟೇ ಬೋರ್ ಮಾಡಿಸಿದ್ದು. ಅವನ ಸೈಲೆನ್ಸರಿಗೆ ವೈಡ್‌ಬ್ಯಾಂಡ್ ಮೀಟರ್ (ಒಂದು ಪಾಲು ಪೆಟ್ರೋಲಿಗೆ ಎಷ್ಟು ಪಾಲು ಗಾಳಿ ಎಂದು ತೋರಿಸುವುದು) ಕಟ್ಟಿ ನೋಡಿದೆವು. ಬೂಸ್ಟಿನಲ್ಲಿ 11.5, 12 ಇರಬೇಕಾದ ಜಾಗದಲ್ಲಿ, ಬೂಸ್ಟ್ ಮುಳ್ಳು 5 ಪಿಎಸ್‌ಐ ದಾಟುತ್ತಿದ್ದ ಹಾಗೆ ಮೀಟರ್ 14ಕ್ಕೆ ಹೋಯಿತು, ಅಂದರೆ ಪೆಟ್ರೋಲ್ ಸಾಲುತ್ತಿಲ್ಲ. ಅಲ್ಲಿಗೇ ನಿಲ್ಲಿಸಿ ಕಿಟ್ ಬಿಚ್ಚಿಸಿದ, ಎಂಜಿನ್ ಉಳಿಯಿತು. ಹತ್ತು ನಿಮಿಷದ ಆ ಅಳತೆಯನ್ನು ದುಡ್ಡು ತೆಗೆದುಕೊಂಡವರು ಮಾಡಬೇಕಿತ್ತು ಅಲ್ವಾ? ನನ್ನ ಬಿಲ್ಲಿನಲ್ಲಿ "ಪರ್ಫಾರ್ಮೆನ್ಸ್ ಕೆಲಸ" ಅಂತ ಒಂದೇ ಸಾಲು. ಯಾವ ಯೂನಿಟ್, ಎಷ್ಟು ಬೂಸ್ಟ್, ಏನೂ ಇಲ್ಲ. ಗ್ರಾಹಕರ ಆಯೋಗಕ್ಕೆ ಹೋದರೂ ಆ ಚೀಟಿ ಹಿಡಿದು ಏನು ತೋರಿಸುವುದು?

ಕಾನೂನಿನ ಮಾತು ಚಿಕ್ಕದಾಗಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. 182ಎ ಕಲಂನಲ್ಲಿ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಇದೆ. ಇನ್ಶೂರೆನ್ಸ್‌ನವರಿಗೆ ಹೇಳದೆ ಹಾಕಿಸಿದ್ದರೆ ಕ್ಲೇಮಿನ ಹೊತ್ತಿನಲ್ಲಿ ಅವರು ಇದನ್ನೇ ಹಿಡಿದುಕೊಳ್ಳುತ್ತಾರೆ. ಕಿಟ್ ಮಾರುವವರು ಈ ಸುದ್ದಿಯನ್ನೇ ಎತ್ತುವುದಿಲ್ಲ.

ನಿಜ ಹೇಳಬೇಕೆಂದರೆ ನಮ್ಮಲ್ಲಿ ಬಹಳ ಜಿಪ್ಸಿಗಳಿಗೆ ಕಾಯಿಲೆ ಎಂಜಿನ್ನಿನಲ್ಲಿಲ್ಲ, ಟೈರಿನಲ್ಲಿದೆ. ಸ್ಟಾಕ್ 205/70 ಆರ್15 ಟೈರಿನ ಎತ್ತರ 26 ಇಂಚಿನ ಮೇಲೆ ಸ್ವಲ್ಪ. ಅದನ್ನು ತೆಗೆದು 31 ಇಂಚಿನದು ಹಾಕುತ್ತಾರೆ. ಅಲ್ಲಿಗೇ ಪ್ರತಿ ಗೇರೂ 18 ಶೇಕಡಾದಷ್ಟು ಉದ್ದವಾಯಿತು, ಎಳೆಯುವ ಶಕ್ತಿ ಕುಗ್ಗಿತು. ಆಮೇಲೆ "ಪಿಕಪ್ ಇಲ್ಲ" ಅಂತ ಸೂಪರ್‌ಚಾರ್ಜರ್ ಹುಡುಕುತ್ತಾರೆ. ಟ್ರಾನ್ಸ್‌ಫರ್ ಕೇಸಿಗೆ (ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ಚಕ್ರವನ್ನು ನಿಧಾನವಾಗಿ, ಬಲವಾಗಿ ತಿರುಗಿಸುವ ಗೇರ್ ಸೆಟ್ ಹಾಕಿಸಿದರೆ ಇದೇ 80 ಕುದುರೆ ಬಂಡೆಯ ಮೇಲೆ ನಿಧಾನವಾಗಿ, ಹಿಡಿತ ಬಿಡದೆ ಹತ್ತುತ್ತದೆ. ಎಂಜಿನ್ ಕಾಯುವುದಿಲ್ಲ, ಕ್ಲಚ್ಚಿಗೂ ಆರಾಮ. ನನ್ನ ಎಂಜಿನ್ ಈಗ ಸ್ಟಾಕ್ ಪಿಸ್ಟನ್ನಿನಲ್ಲೇ ಮತ್ತೆ ಕೂರುತ್ತಿದೆ. ಸೂಪರ್‌ಚಾರ್ಜರ್ ಮತ್ತೆ ಹಾಕಿಸುತ್ತಿಲ್ಲ, ಗೇರ್ ಸೆಟ್ ಹಾಕಿಸುತ್ತಿದ್ದೇನೆ.

ಅಷ್ಟಾದರೂ ಹಾಕಿಸಲೇಬೇಕು ಅನ್ನುವವರು ಕಂಪ್ರೆಷನ್ ಇಳಿಸುವ ಪಿಸ್ಟನ್, ದೊಡ್ಡ ಇಂಜೆಕ್ಟರ್, ಬೂಸ್ಟ್ ಓದಬಲ್ಲ ಮ್ಯಾಪ್ ಸೆನ್ಸರ್, ಅದಕ್ಕೆ ಟ್ಯೂನ್ ಮಾಡಿದ ಇಸಿಯು, ಇಂಟರ್‌ಕೂಲರ್, ಇಷ್ಟನ್ನೂ ಸೇರಿಸಿ ರೇಟ್ ಕೇಳಿ. ವೈಡ್‌ಬ್ಯಾಂಡ್ ರೀಡಿಂಗ್ ಬರವಣಿಗೆಯಲ್ಲಿ ಕೊಡುತ್ತೀರಾ ಅಂತ ಕೇಳಿ. "ಅದೆಲ್ಲ ಯಾಕೆ ಸಾರ್" ಅಂದರೆ ಗಾಡಿ ತಿರುಗಿಸಿಕೊಂಡು ಬನ್ನಿ.

ಈಗಾಗಲೇ ಹಾಕಿಸಿ ಓಡಿಸುತ್ತಿರುವವರು ನಾಲ್ಕೂ ಪ್ಲಗ್ ಬಿಚ್ಚಿ ಬಿಸಿಲಿನಲ್ಲಿ ಹಿಡಿದು ನೋಡಿ. ಪಿಂಗಾಣಿಯ ಮೇಲೆ ಹೊಳೆಯುವ ಬೂದು ಚುಕ್ಕೆ ಇದ್ದರೆ ಗಾಡಿ ಸ್ಟಾರ್ಟ್ ಮಾಡಲೇಬೇಡಿ. ದಾರಿಯಲ್ಲಿ ಆ ಗೋಲಿ ಸದ್ದು ಕೇಳಿದರೆ ತಕ್ಷಣ ಕಾಲು ತೆಗೆಯಿರಿ. ಬೂಸ್ಟ್ ಮುಳ್ಳು ಸೊನ್ನೆ ದಾಟದ ಹಾಗೆ ಸುರಕ್ಷಿತ ಜಾಗಕ್ಕೆ ತಂದು ನಿಲ್ಲಿಸಿ, ಅಲ್ಲಿಂದ ಕಟ್ಟಿಸಿಕೊಂಡೇ ಹೋಗಿ. ಪ್ಲಗ್ಗಿನ ಫೋಟೋ ಹತ್ತಿರದಿಂದ ತೆಗೆದು ಇಲ್ಲಿ ಹಾಕಿದರೆ ಭಾಯ್‌ಗೆ ತೋರಿಸಿ ಅವರು ಹೇಳಿದ್ದನ್ನು ಬರೆಯುತ್ತೇನೆ.