ಹ್ಯಾಲೋವೀನ್: ಮೂರು, ಏಳು, ಹನ್ನೆರಡು ವರ್ಷದ ಮಕ್ಕಳಿಗೆ ಬೇ ಏರಿಯಾದಲ್ಲಿ ಯಾವುದು ಹೊಂದುತ್ತದೆ

ಅಮೆರಿಕದಲ್ಲಿ ಅಕ್ಟೋಬರ್ 31ರಂದು ಮಕ್ಕಳು ವೇಷ ಹಾಕಿ ಮನೆಮನೆಗೆ ಹೋಗಿ ಕ್ಯಾಂಡಿ ಕೇಳುವ ಹಬ್ಬವೇ ಹ್ಯಾಲೋವೀನ್. ಕ್ಯಾಲಿಫೋರ್ನಿಯಾದ ಸ್ಯಾನ್ ಫ್ರಾನ್ಸಿಸ್ಕೊ ನಗರದ ಸುತ್ತಲಿನ ಬೇ ಏರಿಯಾದಲ್ಲಿ ಅಕ್ಟೋಬರ್ ಬಂತೆಂದರೆ ಪ್ರತಿ ವಾರಾಂತ್ಯವೂ ಒಂದಲ್ಲ ಒಂದು ಹ್ಯಾಲೋವೀನ್ ಕಾರ್ಯಕ್ರಮ ಇದ್ದೇ ಇರುತ್ತದೆ, ಮತ್ತು ಅವುಗಳಲ್ಲಿ ಬಹುಪಾಲು ‘ಇಡೀ ಕುಟುಂಬಕ್ಕೆ’ ಎಂದೇ ಪ್ರಚಾರ ಮಾಡಿಕೊಳ್ಳುತ್ತವೆ. ನಮ್ಮಲ್ಲಿ ಮೂರು ವರ್ಷದ ಮಗಳು, ಏಳು ವರ್ಷದ ಮಗ ಮತ್ತು ಹತ್ತಿರದ ಊರಿನಲ್ಲೇ ಇರುವ ಅಕ್ಕನ ಹನ್ನೆರಡು ವರ್ಷದ ಮಗ, ಈ ಮೂವರೂ ಒಟ್ಟಿಗೇ ಹೊರಡುವುದರಿಂದ, ಆ ಪ್ರಚಾರದ ಮಾತು ಎಷ್ಟರ ಮಟ್ಟಿಗೆ ನಿಜ ಎಂದು ಬೇರೆ ಬೇರೆ ಜಾಗಗಳಲ್ಲಿ ನೋಡುವ ಅವಕಾಶ ನನಗೆ ಸಿಕ್ಕಿದೆ. ಕಂಡದ್ದನ್ನು ಮೊದಲೇ ಹೇಳಿಬಿಡುತ್ತೇನೆ: ಈ ಹಬ್ಬದ ವ್ಯಾಪಾರ ಪುಟ್ಟ ಮಕ್ಕಳನ್ನೂ ಹದಿಹರೆಯದವರನ್ನೂ ಚೆನ್ನಾಗಿಯೇ ನೋಡಿಕೊಳ್ಳುತ್ತದೆ. ಎಂಟರಿಂದ ಹನ್ನೆರಡರವರೆಗಿನ ಮಕ್ಕಳಿಗೆ ಹಗಲಿನ ಆಟಗಳು ಚಿಕ್ಕದಾಗುತ್ತವೆ, ರಾತ್ರಿಯವು ದೊಡ್ಡದಾಗುತ್ತವೆ. ಅವರಿಗೆಂದೇ ಮಾಡಿದ್ದು ಬಹಳ ಕಡಿಮೆ.

ಹೋಲಿಸುವಾಗ ನಾನು ಟಿಕೆಟ್ಟಿನ ಮೇಲೆ ಬರೆದಿರುವ ವಯಸ್ಸನ್ನು ಅಷ್ಟಾಗಿ ನೆಚ್ಚುವುದಿಲ್ಲ. ಹೆದರಿಕೆಯ ಲಗಾಮು ಯಾರ ಕೈಯಲ್ಲಿದೆ ಎಂಬುದನ್ನು ಮೊದಲು ನೋಡುತ್ತೇನೆ. ಮಗು ತಾನಾಗಿಯೇ ಹತ್ತಿರ ಹೋಗಿ, ಸಾಕೆನಿಸಿದಾಗ ತಾನಾಗಿಯೇ ಹಿಂದೆ ಸರಿಯಬಹುದಾದ ಜಾಗ ಒಂದು ಬಗೆಯದು. ವೇಷಧಾರಿಯೇ ಮಗುವನ್ನು ಹುಡುಕಿಕೊಂಡು ಬರುವ ಜಾಗ ಇನ್ನೊಂದು ಬಗೆಯದು. ದಸರೆಯಲ್ಲಿ ಹುಲಿವೇಷ ಅಂಗಳಕ್ಕೆ ಬಂದಾಗ ದೊಡ್ಡ ಮಕ್ಕಳು ತಾಸೆಯ ಪೆಟ್ಟಿಗೆ ಹೆಜ್ಜೆ ಹಾಕುತ್ತಿದ್ದರೆ, ಚಿಕ್ಕವರು ಅಜ್ಜಿಯ ಸೆರಗಿನೊಳಗೆ ಮುಖ ಹುದುಗಿಸಿ ಚೀರುವುದನ್ನು ಕರಾವಳಿಯವರೆಲ್ಲ ನೋಡಿರುತ್ತಾರೆ. ಮೂರು ವರ್ಷದ ಮಗುವಿಗೆ ಬಣ್ಣದ ಹಿಂದೆ ಒಬ್ಬ ಮನುಷ್ಯ ಇದ್ದಾನೆಂಬುದು ಇನ್ನೂ ಗಟ್ಟಿಯಾಗಿ ಮನಸ್ಸಿಗೆ ಬಂದಿರುವುದಿಲ್ಲ. ಏಳರ ಮಗುವಿಗೆ ಅದು ಗೊತ್ತಿರುತ್ತದೆ, ಆದರೂ ಎದೆ ಹೊಡೆದುಕೊಳ್ಳುವುದು ನಿಲ್ಲುವುದಿಲ್ಲ. ಹನ್ನೆರಡರ ಹುಡುಗನಿಗೆ ವೇಷಕ್ಕಿಂತಲೂ, ಮಾಮನ ಜೊತೆ ಬಂದಿರುವ ತನ್ನನ್ನು ಸಹಪಾಠಿಗಳು ಯಾರಾದರೂ ನೋಡಿಬಿಟ್ಟಾರೇ ಎಂಬ ಹೆದರಿಕೆ ಹೆಚ್ಚು.

ಮೂರರ ಮಗುವಿನ ಲೆಕ್ಕದಲ್ಲಿ ಓಕ್ಲೆಂಡಿನ ಲೇಕ್ ಮೆರಿಟ್ ದಡದಲ್ಲಿರುವ ಚಿಲ್ಡ್ರನ್ಸ್ ಫೇರಿಲ್ಯಾಂಡ್ ಎಲ್ಲಕ್ಕಿಂತ ಮೇಲು. 1950ರಲ್ಲಿ ಆರಂಭವಾದ ಈ ಪುಟ್ಟ ಉದ್ಯಾನಕ್ಕೆ ಜೊತೆಯಲ್ಲಿ ಮಗುವಿಲ್ಲದ ದೊಡ್ಡವರಿಗೆ ಪ್ರವೇಶವೇ ಇಲ್ಲ. ಅಕ್ಟೋಬರ್ ಕೊನೆಯಲ್ಲಿ ನಡೆಯುವ ಅವರ ಹ್ಯಾಲೋವೀನ್ ಕಾರ್ಯಕ್ರಮ ಹಗಲಿನದು. ಮಕ್ಕಳ ವೇಷದ ಮೆರವಣಿಗೆ, ಗೊಂಬೆಯಾಟ, ಸಣ್ಣಪುಟ್ಟ ಆಟಗಳು, ಇಷ್ಟೇ. ಇಲ್ಲಿಯ ಗೊಂಬೆಯಾಟದ ರಂಗಮಂದಿರ 1956ರಿಂದ ನಡೆಯುತ್ತ ಬಂದಿದೆ. ಆದರೆ ನನ್ನ ಮಗಳನ್ನು ಹಿಡಿದು ನಿಲ್ಲಿಸಿದ್ದು ಅಲ್ಲಿ ಮಾರುವ ಪ್ಲಾಸ್ಟಿಕ್ ಬೀಗದ ಕೈ. ಪ್ರತಿ ಕಥಾದೃಶ್ಯದ ಪಕ್ಕದಲ್ಲೂ ಒಂದು ಪೆಟ್ಟಿಗೆ ಇರುತ್ತದೆ. ಅದರೊಳಗೆ ಕೀಲಿ ಹಾಕಿ ತಿರುಗಿಸಿದರೆ ಕಥೆಯೋ ಹಾಡೋ ಕೇಳಿಸುತ್ತದೆ. ಜೇನುನೊಣದ ರೆಕ್ಕೆ ಕಟ್ಟಿಕೊಂಡಿದ್ದ ಅವಳು ಒಂದೇ ಪೆಟ್ಟಿಗೆಯ ಮುಂದೆ ನಿಂತು, ಹಾಡು ಮುಗಿದ ತಕ್ಷಣ ಕೀಲಿ ತೆಗೆದು, ಒರೆಸಿ, ಮತ್ತೆ ಹಾಕುತ್ತಿದ್ದಳು. ಯಾವ ಸದ್ದು ಯಾವಾಗ ಬರಬೇಕೆಂಬುದು ಸಂಪೂರ್ಣ ಅವಳ ಕೈಯಲ್ಲೇ ಇತ್ತು. ಆ ವಯಸ್ಸಿಗೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆಯನ್ನು ನಾನು ಕಂಡಿಲ್ಲ. ಮಗ ಒಂದು ಸುತ್ತು ಖುಷಿಯಿಂದ ಓಡಾಡಿದ, ಎರಡನೆಯ ಸುತ್ತಿಗೆ ‘ಇನ್ನೇನಿದೆ ಅಪ್ಪ?’ ಎಂದ. ಹನ್ನೆರಡು ವರ್ಷದವರನ್ನು ಇಲ್ಲಿಗೆ ಕರೆತರುವುದು ಅವರಿಗೆ ಕೊಡುವ ಶಿಕ್ಷೆಯೇ ಸರಿ.

ಸಿಹಿಗುಂಬಳದ ತೋಟಗಳ ವಿಷಯ ಬೇರೆ. ಹಾಫ್ ಮೂನ್ ಬೇ ಊರಿಗೆ ಹೋಗುವ ಹೆದ್ದಾರಿ 92ರ ಇಕ್ಕೆಲಗಳಲ್ಲಿ ಇಂಥ ತೋಟಗಳು ಸಾಲಾಗಿ ಸಿಗುತ್ತವೆ. ಕಾಯಿ ಆರಿಸಿಕೊಳ್ಳುವುದು, ಹುಲ್ಲಿನ ಪೆಂಡಿಗಳ ಮೇಲೆ ಹತ್ತಿಳಿಯುವುದು, ಟ್ರ್ಯಾಕ್ಟರ್ ಎಳೆಯುವ ಗಾಡಿಯಲ್ಲಿ ಒಂದು ಸುತ್ತು ಬರುವುದು, ಕೆಲವು ಕಡೆ ಪೋನಿ ಎಂಬ ಗಿಡ್ಡ ತಳಿಯ ಕುದುರೆಯ ಸವಾರಿ. 1971ರಿಂದ ಅಲ್ಲಿ ನಡೆಯುತ್ತಿರುವ ಕುಂಬಳಕಾಯಿ ಉತ್ಸವದ ವಾರಾಂತ್ಯದಲ್ಲಿ ಆ ರಸ್ತೆಯಲ್ಲಿ ಕಾರುಗಳು ಇಂಚಿಂಚಾಗಿ ಸರಿಯುವುದರಿಂದ, ಸ್ಟ್ರೋಲರಿನ ವಯಸ್ಸಿನ ಮಕ್ಕಳಿರುವವರು ವಾರದ ನಡುವೆ ಬೆಳಿಗ್ಗೆ ಹೋಗಿಬರುವುದು ಲೇಸು. ಸಮುದ್ರದ ಕಡೆಯಿಂದ ಮಂಜು ಕವಿಯುವ ಊರಾದ್ದರಿಂದ ವೇಷದ ಒಳಗೆ ಸ್ವೆಟರ್ ಹಿಡಿಸುವಂತಿರಬೇಕು. ರಾಜಕುಮಾರಿಯ ತೆಳು ಗೌನಿನಲ್ಲಿ ನಡುಗುತ್ತ ನಿಂತ ಮಕ್ಕಳನ್ನು ಪ್ರತಿ ವರ್ಷವೂ ನೋಡುತ್ತೇನೆ.

ಆದರೆ ಈ ಊರಿನ ನಿಜವಾದ ಆಕರ್ಷಣೆ ಉತ್ಸವಕ್ಕೆ ಮುಂಚೆ, ಅಕ್ಟೋಬರಿನ ಎರಡನೆಯ ಸೋಮವಾರ ನಡೆಯುವ ದೈತ್ಯ ಕುಂಬಳಕಾಯಿಗಳ ತೂಕದ ಸ್ಪರ್ಧೆ ಎಂದು ನನ್ನ ಅಭಿಪ್ರಾಯ, ಮತ್ತು ಏಳು ವರ್ಷದವರಿಗೆ ಇದಕ್ಕಿಂತ ತಕ್ಕದ್ದು ಇನ್ನೊಂದಿಲ್ಲ. ಸುತ್ತಲೂ ಪಟ್ಟಿ ಬಿಗಿದ ಕಾಯಿಯನ್ನು ಫೋರ್ಕ್‌ಲಿಫ್ಟ್ ಮೆಲ್ಲನೆ ಎತ್ತಿ ತಕ್ಕಡಿಯ ಮೇಲೆ ಇಳಿಸುತ್ತದೆ, ಅಂಕಿ ಏರುತ್ತ ಹೋಗುತ್ತದೆ, ಜನ ಉಸಿರು ಬಿಗಿಹಿಡಿದು ನೋಡುತ್ತಾರೆ. 2023ರಲ್ಲಿ ಮಿನೆಸೋಟದ ತೋಟಗಾರಿಕೆ ಶಿಕ್ಷಕರೊಬ್ಬರು ತಂದ ಕಾಯಿ 2,749 ಪೌಂಡ್, ಅಂದರೆ ಸುಮಾರು 1,247 ಕಿಲೋ ತೂಗಿ ಆಗಿನ ವಿಶ್ವದಾಖಲೆಯನ್ನೇ ಮುರಿಯಿತು. ಅಷ್ಟು ದೂರದಿಂದ ಟ್ರಕ್ಕಿನಲ್ಲಿ ಬಿರುಕು ಬಿಡದಂತೆ ತರುವುದೇ ಒಂದು ಸಾಹಸ, ಏಕೆಂದರೆ ಒಳಗಿನ ಗುಳಿಗೆ ತಲುಪುವಷ್ಟು ಸೀಳು ಬಿಟ್ಟ ಕಾಯಿ ಸ್ಪರ್ಧೆಯಿಂದ ಹೊರಬೀಳುತ್ತದೆ. ನನ್ನ ಮಗ ಪ್ರತಿ ಕಾಯಿಯ ತೂಕವನ್ನೂ ಮೊದಲೇ ಊಹಿಸಿ ಚೀಟಿಯಲ್ಲಿ ಬರೆದುಕೊಂಡು, ಅಂಕಿ ಬಂದ ಮೇಲೆ ವ್ಯತ್ಯಾಸ ಕಳೆಯುತ್ತ ಕುಳಿತಿದ್ದ. ದೆವ್ವ ಭೂತಗಳ ಸೋಂಕೇ ಇಲ್ಲದ ಈ ಬಗೆಯ ಕೌತುಕ ಸೋದರಳಿಯನನ್ನೂ ಫೋನಿನಿಂದ ತಲೆಯೆತ್ತುವಂತೆ ಮಾಡಿತು. ಮೂರರ ಮಗುವಿಗೆ ಮಾತ್ರ ಮೊದಲ ಕಾಯಿ ನೋಡಿದರೆ ಸಾಕು.

ಮೂವರಿಗೂ ಒಂದೇ ಜಾಗ ಎಂದರೆ ನಾನು ಮೆಕ್ಕೆಜೋಳದ ಹೊಲದೊಳಗೆ ದಾರಿ ಕಡಿದು ಮಾಡಿದ ಚಕ್ರವ್ಯೂಹವನ್ನೇ ಹೇಳುತ್ತೇನೆ. ಸ್ಯಾಕ್ರಮೆಂಟೊ ದಿಕ್ಕಿಗೆ ಹೋಗುವ ಹೆದ್ದಾರಿ 80ರ ಪಕ್ಕ, ಡಿಕ್ಸನ್ ಊರಿನ ಕೂಲ್ ಪ್ಯಾಚ್ ಪಂಪ್ಕಿನ್ಸ್‌ನವರ ಚಕ್ರವ್ಯೂಹ 2014ರಲ್ಲಿ 60 ಎಕರೆಗೆ ಹರಡಿ ಗಿನ್ನೆಸ್ ದಾಖಲೆ ಸೇರಿತು. ದಾರಿ ತಪ್ಪಿದವರು ಒಳಗಿನಿಂದಲೇ ತುರ್ತು ಸಹಾಯದ ಸಂಖ್ಯೆ 911ಕ್ಕೆ ಕರೆ ಮಾಡಿದ ಸುದ್ದಿಯೂ ಆಗ ಪತ್ರಿಕೆಗಳಲ್ಲಿ ಬಂದಿತ್ತು. ಆಳೆತ್ತರಕ್ಕೂ ಮೀರಿ ನಿಂತ ಒಣಗಿದ ಜೋಳದ ದಂಟುಗಳ ನಡುವೆ ಬಿಸಿಲು ಗಾಳಿ ಎಲ್ಲವೂ ಇರುತ್ತದೆ, ಮುಖವಾಡ ಹಾಕಿದವರು ಯಾರೂ ಇರುವುದಿಲ್ಲ, ಆದರೂ ನಾಲ್ಕನೆಯ ತಿರುವು ದಾಟಿದ ಮೇಲೆ ದೊಡ್ಡವರಿಗೂ ಸಣ್ಣ ಅಳುಕು ಶುರುವಾಗುತ್ತದೆ. ಈ ಅಳುಕು ಹಂಚಿಕೊಳ್ಳುವಂಥದ್ದು. ನಕ್ಷೆಯನ್ನು ಸೋದರಳಿಯನ ಕೈಗೆ ಕೊಟ್ಟ ಕೂಡಲೇ ಅವನ ನಿಲುವೇ ಬದಲಾಯಿತು: ‘ಮಾಮ, ನೀವು ಸುಮ್ಮನೆ ಹಿಂದೆ ಬನ್ನಿ, ಪುಟ್ಟ ನನ್ನ ಜೊತೆ ಮುಂದೆ ಬರಲಿ’ ಎಂದು ತಮ್ಮನನ್ನು ಕರೆದುಕೊಂಡು ಹೊರಟ. ಚಿಕ್ಕವಳು ನನ್ನ ಹೆಗಲೇರಿ, ನಮಗಾರಿಗೂ ಕಾಣದ ದೂರದ ಬಾವುಟವನ್ನು ತೋರಿಸುವ ಕೆಲಸ ವಹಿಸಿಕೊಂಡಳು. ನಡುವಿನ ವಯಸ್ಸಿನವರಿಗೆ ಬೇಕಾದದ್ದು ಇಂಥ ಜವಾಬ್ದಾರಿಯೇ ಹೊರತು ಇನ್ನಷ್ಟು ನೆತ್ತರಿನ ಬಣ್ಣವಲ್ಲ. ಒಳನಾಡಾದ್ದರಿಂದ ಅಕ್ಟೋಬರಿನಲ್ಲೂ ಬಿಸಿಲು ಜೋರು, ದೂಳೂ ಹೆಚ್ಚು. ಟೋಪಿ, ನೀರು, ಮುಚ್ಚಿದ ಶೂ ಬೇಕು, ಮತ್ತು ಒಳಗೆ ಕಾಲಿಡುವ ಮುನ್ನ ಮಕ್ಕಳನ್ನು ಶೌಚಾಲಯಕ್ಕೆ ಕರೆದೊಯ್ಯುವುದನ್ನು ಮರೆಯಬಾರದು. ಒಣಹುಲ್ಲಿನ ದೂಳಿಗೆ ಉಬ್ಬಸ ಬರುವ ಮಕ್ಕಳಿಗೆ ಈ ಜಾಗ ಬೇಡ.

ಸಾಂಟಾ ಕ್ಲಾರಾದ ಕ್ಯಾಲಿಫೋರ್ನಿಯಾಸ್ ಗ್ರೇಟ್ ಅಮೆರಿಕ ಎಂಬ ಮನರಂಜನಾ ಪಾರ್ಕ್ ಒಂದೇ ಆವರಣದಲ್ಲಿ ಎರಡು ಹಬ್ಬಗಳನ್ನು ಮಾಡುತ್ತ ಬಂದಿದೆ. ಹಗಲಿನದು ವೇಷ, ಕ್ಯಾಂಡಿ, ಕುಣಿತದ ಮಕ್ಕಳ ಕಾರ್ಯಕ್ರಮ. 2008ರಲ್ಲಿ ಶುರುವಾದ, ಹಾಂಟ್ ಎಂಬ ಹೆಸರಿನ ರಾತ್ರಿಯ ಕಾರ್ಯಕ್ರಮ ಕೃತಕ ಹೊಗೆ, ಕತ್ತಲ ಕೋಣೆಗಳು ಮತ್ತು ದಾರಿಯಲ್ಲೇ ಮೇಲೆ ಬೀಳುವಂತೆ ಬರುವ ವೇಷಧಾರಿಗಳಿಂದ ಕೂಡಿದ್ದು, ಹದಿಮೂರರ ಒಳಗಿನವರಿಗೆ ತಕ್ಕದ್ದಲ್ಲವೆಂದು ಪಾರ್ಕಿನವರೇ ಹೇಳುತ್ತಾರೆ. ಆ ಸೂಚನೆಯನ್ನು ಅಕ್ಷರಶಃ ಪಾಲಿಸುವುದು ಒಳ್ಳೆಯದು, ಏಕೆಂದರೆ ಇಲ್ಲಿ ಬೆಚ್ಚಿಬೀಳಿಸುವ ಕೋಣೆಗೆ ಹೋಗದಿದ್ದರೂ, ಒಂದು ಕಡೆಯಿಂದ ಇನ್ನೊಂದು ಕಡೆಗೆ ನಡೆಯುವ ದಾರಿಯೇ ಬೆಚ್ಚಿಬೀಳಿಸುವಂತೆ ರೂಪಿಸಿದ್ದು. ಹಗಲಿನ ಕಾರ್ಯಕ್ರಮ ನನ್ನ ಮಗನಿಗೆ ಹಿಡಿಸಿತು. ಆದರೆ ಅವನಿಗೆ ಹಿಡಿಸಿದ್ದರಲ್ಲಿ ಬಹುಪಾಲು ರೋಲರ್ ಕೋಸ್ಟರುಗಳದ್ದೇ, ಹ್ಯಾಲೋವೀನಿನದ್ದಲ್ಲ. ಟಿಕೆಟ್, ಪಾರ್ಕಿಂಗ್, ಊಟ ಎಲ್ಲ ಸೇರಿಸಿದರೆ ಈ ಪಟ್ಟಿಯಲ್ಲೇ ದುಬಾರಿ. ವರ್ಷದ ಪಾಸ್ ಇರುವವರು ಹೋಗಿಬರಲಿ.

ಹನ್ನೆರಡರ ಹುಡುಗನಿಗೆ ನಾನು ಇದಕ್ಕೆ ಬದಲಾಗಿ ಆರಿಸಿದ್ದು ಸ್ಯಾನ್ ಹೋಸೆಯ ವಿಂಚೆಸ್ಟರ್ ಮಿಸ್ಟರಿ ಹೌಸ್. ಬಂದೂಕು ಕಂಪನಿಯ ಒಡೆತನದ ಮನೆತನದ ವಿಧವೆ ಸೇರಾ ವಿಂಚೆಸ್ಟರ್ 1886ರಿಂದ 1922ರಲ್ಲಿ ತೀರಿಕೊಳ್ಳುವವರೆಗೆ ಕಟ್ಟಿಸುತ್ತ, ಬದಲಾಯಿಸುತ್ತ ಬಂದ ಸುಮಾರು 160 ಕೋಣೆಗಳ ಮನೆ ಇದು. ಚಾವಣಿಗೆ ತಾಗಿ ನಿಂತುಬಿಡುವ ಮೆಟ್ಟಿಲು, ತೆರೆದರೆ ಕೆಳಗೆ ಬಯಲಿಗೇ ಬೀಳಿಸುವ ಮಹಡಿಯ ಬಾಗಿಲು, ಇವನ್ನೆಲ್ಲ ಮಾರ್ಗದರ್ಶಕರು ದೆವ್ವದ ಕಥೆಯೊಂದಿಗೆ ತೋರಿಸುತ್ತಾರೆ. ಬಂದೂಕಿಗೆ ಬಲಿಯಾದವರ ಆತ್ಮಗಳಿಗೆ ಹೆದರಿ ಹೀಗೆ ಕಟ್ಟಿಸಿದಳೆಂಬುದು ಆ ಕಥೆ. ಆಕೆಯೇ ಹಾಗೆಂದು ಬರೆದಿಟ್ಟ ದಾಖಲೆ ಮಾತ್ರ ಇಲ್ಲ. ಸೋದರಳಿಯ ಈ ಎಳೆಯನ್ನು ಹಿಡಿದುಕೊಂಡ. ಎರಡೇ ಇಂಚು ಎತ್ತರದ ಮೆಟ್ಟಿಲುಗಳು ಆಕೆಯ ಸಂಧಿವಾತಕ್ಕಾಗಿ ಮಾಡಿಸಿದ್ದೆಂದೂ, ಏಳು ಅಂತಸ್ತಿನ ಗೋಪುರ 1906ರ ಭೂಕಂಪದಲ್ಲಿ ಬಿದ್ದ ಮೇಲೆ ಎಷ್ಟೋ ಭಾಗಗಳು ಅರ್ಧಕ್ಕೇ ನಿಂತವೆಂದೂ ತಿಳಿದ ಮೇಲೆ, ಒಂದೊಂದು ವಿಚಿತ್ರಕ್ಕೂ ದೆವ್ವದ ಕಾರಣ ಮತ್ತು ದೆವ್ವವಿಲ್ಲದ ಕಾರಣ ಎರಡನ್ನೂ ತಾನೇ ಹುಡುಕತೊಡಗಿದ. ಅರ್ಧ ನಂಬಿ ಅರ್ಧ ಪ್ರಶ್ನಿಸುವ ಆ ವಯಸ್ಸಿಗೆ ಇದು ಹೇಳಿ ಮಾಡಿಸಿದ ಜಾಗ. ಅಕ್ಟೋಬರಿನ ರಾತ್ರಿಯ ವಿಶೇಷ ಪ್ರದರ್ಶನಗಳನ್ನು ಬಿಟ್ಟು ಹಗಲಿನ ಮಾಮೂಲಿ ಸುತ್ತಿಗೆ ಹೋದರೆ ಏಳರ ಮಗುವೂ ತಡೆದುಕೊಳ್ಳುತ್ತದೆ. ಇಕ್ಕಟ್ಟಾದ ಓಣಿಗಳು, ಲೆಕ್ಕವಿಲ್ಲದ ಮೆಟ್ಟಿಲುಗಳು, ಗುಂಪಿನೊಂದಿಗೇ ಸಾಗಬೇಕಾದ ಗಂಟೆಗೂ ಮೀರಿದ ನಡಿಗೆ, ಇವು ಚಿಕ್ಕ ಮಗುವಿಗೆ ಆಗುವುದಿಲ್ಲ. ನಮ್ಮವಳು ಆ ದಿನ ಅಮ್ಮನ ಜೊತೆ ಮನೆಯಲ್ಲೇ ಉಳಿದಳು.

ಇನ್ನು 31ರ ಸಂಜೆ. ಶಾಲೆಯ ಅಥವಾ ಚರ್ಚಿನ ಪಾರ್ಕಿಂಗ್ ಜಾಗದಲ್ಲಿ ಕಾರಿನ ಡಿಕ್ಕಿಗಳನ್ನು ಅಲಂಕರಿಸಿ ಕ್ಯಾಂಡಿ ಹಂಚುವ ಟ್ರಂಕ್ ಆರ್ ಟ್ರೀಟ್ ಒಂದು ದಾರಿ, ಬೀದಿಯಲ್ಲಿ ಮನೆಮನೆಗೆ ಹೋಗುವ ಟ್ರಿಕ್ ಆರ್ ಟ್ರೀಟ್ ಇನ್ನೊಂದು. ಮೊದಲನೆಯದರಲ್ಲಿ ವಾಹನ ಸಂಚಾರದ ಭಯವಿಲ್ಲ, ಅರ್ಧ ಗಂಟೆಯಲ್ಲಿ ಮುಗಿಯುತ್ತದೆ, ಐದರ ಒಳಗಿನವರಿಗೆ ಅದೇ ಸಾಕು. ಉಳಿದವರಿಗೆ ಬೀದಿಗೆ ಸಮನಾದದ್ದು ಇಲ್ಲ, ಅದಕ್ಕೆ ಟಿಕೆಟ್ಟೂ ಇಲ್ಲ. ಆ ದಿನ ಇಲ್ಲಿ ಸೂರ್ಯ ಮುಳುಗುವುದು ಸುಮಾರು 6 ಗಂಟೆ 10 ನಿಮಿಷಕ್ಕೆ. ಚಿಕ್ಕವರು ಐದೂವರೆಗೆ ಹೊರಟರೆ ಬೆಳಕಿರುವಾಗಲೇ ಹತ್ತು ಮನೆ ಮುಗಿಸಬಹುದು. ಬಾಗಿಲ ದೀಪ ಉರಿಯುತ್ತಿದ್ದರೆ ಬರಬಹುದು, ಆರಿದ್ದರೆ ಮುಂದಕ್ಕೆ ಹೋಗಬೇಕು ಎಂಬುದು ಬೀದಿಯ ಅಲಿಖಿತ ನಿಯಮ. 2024ರಲ್ಲಿ ದೀಪಾವಳಿಯ ನರಕ ಚತುರ್ದಶಿಯೂ ಇದೇ ದಿನ ಬಂದದ್ದರಿಂದ ನಮ್ಮಂಥ ಮನೆಗಳ ಮುಂದೆ ಎರಡು ಪಟ್ಟು ಜನ. ನೆಲಕ್ಕೆ ಇಳಿಬಿದ್ದ ಪಾಲಿಯೆಸ್ಟರ್ ಮೇಲಂಗಿಗಳಿಗೆ ಹಣತೆಯ ಬೆಂಕಿ ತಾಗಬಾರದೆಂದು ಮೆಟ್ಟಿಲ ಮೇಲೆ ಬ್ಯಾಟರಿ ದೀಪಗಳನ್ನಿಟ್ಟು, ಎಣ್ಣೆಯ ದೀಪಗಳನ್ನು ಒಳಗೆ ತುಳಸಿಯ ಮುಂದೆ ಹಚ್ಚಿದೆವು. ಬಾಗಿಲಲ್ಲಿ ಹಸಿರು ಬೆರೆತ ನೀಲಿಯ ಕುಂಬಳಕಾಯಿ ಕಂಡರೆ ಅಲ್ಲಿ ಅಲರ್ಜಿಯ ಮಕ್ಕಳಿಗಾಗಿ ತಿಂಡಿಯಲ್ಲದ ಸಣ್ಣ ಆಟಿಕೆಗಳಿವೆ ಎಂದರ್ಥ. 2012ರಲ್ಲಿ ಟೆನೆಸಿಯಲ್ಲಿ ಹುಟ್ಟಿದ ಈ ಪದ್ಧತಿ ನಮ್ಮ ಬೀದಿಗೂ ಬಂದಿದೆ.

ಸಸ್ಯಾಹಾರಿ ಮನೆಗಳಿಗೆ ಅಸಲಿ ಕೆಲಸ ಮನೆಗೆ ಮರಳಿದ ಮೇಲೆ ಇರುತ್ತದೆ. ಮಕ್ಕಳು ಕ್ಯಾಂಡಿ ತುಂಬಿಕೊಂಡು ಬಂದ ದಿಂಬಿನ ಕವರಿನಿಂದ ನೆಲಕ್ಕೆ ಸುರಿದ ರಾಶಿಯಲ್ಲಿ ಕ್ಯಾಂಡಿ ಕಾರ್ನ್, ಸ್ಟಾರ್‌ಬರ್ಸ್ಟ್, ಗಮ್ಮಿ ಕರಡಿಗಳು ಒಂದು ಕಡೆಗೆ ಹೋಗುತ್ತವೆ, ಏಕೆಂದರೆ ಅವುಗಳಲ್ಲಿ ಪ್ರಾಣಿಮೂಲದ ಜೆಲಟಿನ್ ಇರುತ್ತದೆ; ಇಲ್ಲಿಯ ಸ್ಕಿಟಲ್ಸ್‌ನಲ್ಲಿ ಈಗ ಅದಿಲ್ಲ. ಸ್ನಿಕರ್ಸ್, ರೀಸಸ್ ಎರಡರಲ್ಲೂ ಕಡಲೆಕಾಯಿ ಇರುವುದರಿಂದ ಅಲರ್ಜಿಯ ಗೆಳೆಯರಿಗೆ ಕೊಡುವಂತಿಲ್ಲ. ಒಂದೊಂದೇ ತುತ್ತಿನ ಸಣ್ಣ ಪೊಟ್ಟಣಗಳ ಮೇಲೆ ಪದಾರ್ಥಗಳ ಪಟ್ಟಿ ಎಷ್ಟೋ ಸಲ ಇರುವುದೇ ಇಲ್ಲವಾದ್ದರಿಂದ, ದೊಡ್ಡ ಚೀಲದ ಪಟ್ಟಿಯನ್ನು ಫೋನಿನಲ್ಲಿ ಹುಡುಕಿ ಓದುವ ಕೆಲಸವನ್ನು ಮಗನಿಗೆ ಒಪ್ಪಿಸಿದ್ದೇವೆ. ತೆಗೆದಿಟ್ಟದ್ದಕ್ಕೆ ಬದಲಾಗಿ ಅಷ್ಟೇ ಎಣಿಕೆಯ ಚಾಕೊಲೇಟನ್ನು ನಾವೇ ಕೊಡುವುದರಿಂದ ಅವನ ಓದು ಬಹಳ ಚುರುಕಾಗಿಯೇ ಸಾಗುತ್ತದೆ.

ಸೋದರಳಿಯನಿಗೆ ಈ ವರ್ಷ ಗೆಳೆಯರೊಂದಿಗೆ ತಾನೇ ಹೋಗುವ ಅನುಮತಿಯನ್ನು ಅಕ್ಕ ಕೊಟ್ಟಿದ್ದಾಳೆ. ಮೂವರಿಗಿಂತ ಕಡಿಮೆ ಇರಬಾರದು, ದೊಡ್ಡ ರಸ್ತೆ ದಾಟಬಾರದು, ಕೈಯಲ್ಲಿ ಟಾರ್ಚ್ ಇರಬೇಕು, ಯಾರ ಮನೆಯೊಳಗೂ ಕಾಲಿಡಬಾರದು, ಎಂಟೂವರೆಗೆ ವಾಪಸು ಬರಬೇಕು, ಇವು ಷರತ್ತುಗಳು. ಎಂಟೂವರೆಯನ್ನು ಒಂಬತ್ತಕ್ಕೆ ಏರಿಸಲು ಅವನು ನನ್ನ ಮೂಲಕ ಶಿಫಾರಸು ಮಾಡಿಸುತ್ತಿದ್ದಾನೆ. ಮರುದಿನ ಶಾಲೆ ಇಲ್ಲದ ವರ್ಷಗಳಲ್ಲಿ ಒಂಬತ್ತು ಆಗಬಹುದು ಎಂಬುದು ನನ್ನ ಮತ.