ಗೋವಾಕ್ಕೆ ಹೋಗೋ ಮೊದಲು ‘ಪ್ರಾಕ್ಟೀಸ್’: ಫ್ರೀ ಸ್ಲಾಟ್ ಆಪ್ ಹೇಗಿದೆ?

ಕಾಫಿ ಮಾರಿದ ದುಡ್ಡು ಕೈಗೆ ಬಂತು ಅಂದರೆ ಗೋಣಿಕೊಪ್ಪದ ನಮ್ಮ ಕಡೆ ಗೋವಾ ಟ್ರಿಪ್ ಮಾತು ಏಳೋದು ಮಾಮೂಲಿ. ಈ ಸಲ ಬಾವ ಕ್ಯಾಸಿನೋಗೆ ಹೋಗೋ ಮೊದಲು ಕೈ ಪಳಗಲಿ ಅಂತ ಫೋನಿಗೆ ಒಂದು ಫ್ರೀ ಸ್ಲಾಟ್ ಆಪ್ (ಬಟನ್ ಒತ್ತಿ ಚಿತ್ರದ ಚಕ್ರ ತಿರುಗಿಸೋ ಜೂಜಿನ ಆಟ) ಹಾಕಿಕೊಂಡರು, ನನಗೂ ಹಾಕಿಸಿದರು. ಮಳೆಗಾಲದಲ್ಲಿ ತೋಟಕ್ಕೆ ಇಳಿಯೋಕಾಗದ ದಿನ ಟೈಂಪಾಸ್‌ಗೆ ಪರವಾಗಿಲ್ಲ. ಪ್ರಾಕ್ಟೀಸ್‌ಗೆ ಮಾತ್ರ ಮೂರು ಕಾಸಿನ ಉಪಯೋಗ ಇಲ್ಲ.

ಯಾಕೆ ಅಂದರೆ ಸ್ಲಾಟ್‌ನಲ್ಲಿ ಪಳಗೋಕೆ ಏನೂ ಇಲ್ಲ. ಬಟನ್ ಒತ್ತಿದ ತಕ್ಷಣ ಒಳಗಿನ ಪ್ರೋಗ್ರಾಮ್ ಯಾವುದೋ ನಂಬರ್ ಎತ್ತಿಕೊಳ್ಳುತ್ತೆ, ಸೋಲು ಗೆಲುವು ಅಲ್ಲೇ ಮುಗೀತು. ಆಮೇಲೆ ಚಕ್ರ ತಿರುಗೋದೆಲ್ಲ ಬರೀ ಶೋ. ಹಿಂದಿನ ಆಟಕ್ಕೂ ಮುಂದಿನದಕ್ಕೂ ಸಂಬಂಧವೇ ಇಲ್ಲ, ಹಾಗಾಗಿ ‘ಇಷ್ಟೊತ್ತು ಬಂದಿಲ್ಲ, ಇನ್ನು ಬಂದೇ ಬರುತ್ತೆ’ ಅನ್ನೋ ಬಾವನ ಲೆಕ್ಕ ಸುಮ್ನೆ.

1890ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಚಾರ್ಲ್ಸ್ ಫೇ ಮಾಡಿದ ಲಿಬರ್ಟಿ ಬೆಲ್ ಅನ್ನೋ ಸ್ಲಾಟ್ ಮೆಷಿನ್‌ನಲ್ಲಿ ನಿಜವಾದ ಚಕ್ರ, ಸ್ಪ್ರಿಂಗ್, ಎಳೆಯೋ ಹಿಡಿ ಎಲ್ಲ ಇತ್ತು. ಚಕ್ರ ಎಲ್ಲಿ ನಿಲ್ಲಬೇಕು ಅಂತ ಕಂಪ್ಯೂಟರೇ ನಂಬರ್ ಎತ್ತಿ ನಿರ್ಧರಿಸೋ ವಿಧಾನಕ್ಕೆ 1984ರಲ್ಲಿ ಇಂಗೆ ಟೆಲ್ನೇಸ್ ಅನ್ನೋರು ಪೇಟೆಂಟ್ ಪಡೆದ ಮೇಲೆ ಆಟವೇ ಬದಲಾಯಿತು. ಚಕ್ರದ ಮೇಲೆ 20 ಚಿತ್ರ ಕಂಡರೂ ಒಳಗಿನ ಲೆಕ್ಕ 64 ಜಾಗದ್ದು ಅಂತ ಇಟ್ಟುಕೊಳ್ಳಿ. ಮೂರು ಚಕ್ರಕ್ಕೆ 8,000 (20×20×20) ಆಟದಲ್ಲಿ ಒಂದು ಸಲ ಬೀಳಬೇಕು ಅಂತ ಕಣ್ಣಿಗೆ ಅನಿಸೋ ಜಾಕ್‌ಪಾಟ್, ನಿಜದಲ್ಲಿ 2,62,144ರಲ್ಲಿ (64×64×64) ಒಂದು ಸಲ!

ಈ ಆಪ್‌ನಲ್ಲಿ ನನಗೆ ಜಾಸ್ತಿ ಸಿಟ್ಟು ಬಂದಿದ್ದು ಅದರ ಸಂಭ್ರಮಕ್ಕೆ. 20 ಲೈನಿಗೆ (ಒಂದೇ ಥರದ ಚಿತ್ರ ಸಾಲಾಗಿ ಬಿದ್ದರೆ ಗೆಲುವು ಕೊಡೋ ಗೆರೆಗಳು) 100 ಕಾಯಿನ್ ಕಟ್ಟಿದೆ. ಎರಡು ಲೈನ್ ಕೂಡಿ 40 ಬಂತು. ಸ್ಕ್ರೀನ್ ತುಂಬ ಚಿನ್ನದ ನಾಣ್ಯ ಉದುರುತ್ತೆ, ‘ವಿನ್’ ಅಂತ ದಪ್ಪ ಅಕ್ಷರ ಕುಣಿಯುತ್ತೆ, ಜೊತೆಗೆ ಡೋಲು ಬೇರೆ. 60 ಹೋಗಿದೆ ಸ್ವಾಮಿ! “ನೋಡು, ಗೆದ್ದೆ” ಅಂದರು ಬಾವ. ಗೋವಾದ ಮೆಷಿನ್‌ಗಳ ಮುಂದೆ ಕೂತರೂ ಇದೇ ಸದ್ದು ಕಿವಿಗೆ ಬೀಳುತ್ತೆ, ಆದರೆ ಅಲ್ಲಿ ಹೋಗೋದು ಕಾಯಿನ್ ಅಲ್ಲ, ಕಾಫಿ ದುಡ್ಡು.

ಫ್ರೀ ಆಪ್ ಮೊದಲು ಧಾರಾಳವಾಗಿ ಕೊಡುತ್ತೆ, ಕೊಟ್ಟರೆ ಅದಕ್ಕೇನು ನಷ್ಟ ಅಲ್ವಾ? ಕಾಯಿನ್ ಖಾಲಿಯಾದಾಗ ‘ಆಫರ್’ ಅಂತ ಪ್ಯಾಕ್ ಮಾರೋಕೆ ಬರುತ್ತೆ. ಆ ಕಾಯಿನ್ ಎಷ್ಟು ಗೆದ್ದರೂ ದುಡ್ಡಾಗಿ ವಾಪಸ್ ಬರಲ್ಲ, ಕೊಳ್ಳಲೇಬೇಡಿ. ಮಕ್ಕಳ ಕೈಗೆ ಫೋನ್ ಹೋಗೋ ಮನೆಯಾದರೆ ಪ್ಲೇ ಸ್ಟೋರ್‌ನಲ್ಲಿ ಖರೀದಿಗೆ ಪಾಸ್‌ವರ್ಡ್ ಹಾಕಿಡಿ. ಆಡಿ ದುಡ್ಡು ಗೆಲ್ಲಿ ಅನ್ನೋ ಆಪ್‌ಗಳ ಕಥೆಯೇ ಬೇರೆ, 2025ರ ಕೇಂದ್ರದ ಕಾನೂನು ಅವನ್ನು ನಿಷೇಧಿಸಿದೆ.

ಬಾವನಿಗೆ ನಾನು ಹಾಕಿಕೊಟ್ಟ ಲೆಕ್ಕ ಇದು. ಕಟ್ಟಿದ 100 ರೂಪಾಯಿಗೆ ಸರಾಸರಿ 92 ವಾಪಸ್ ಕೊಡೋ ಮೆಷಿನ್ ಅಂತ ಇಟ್ಟುಕೊಂಡರೂ, ಆಟಕ್ಕೆ 10 ರೂಪಾಯಿಯಂತೆ ಗಂಟೆಗೆ 500 ಸಲ ಒತ್ತಿದರೆ 5,000 ಕಟ್ಟಿದ ಹಾಗೆ, ಸರಾಸರಿ 400 ಹೋಯ್ತು. ಅದನ್ನು ಸಿನಿಮಾ ಟಿಕೆಟ್ ಅಂದುಕೊಂಡು ನಗದು ಮಾತ್ರ ಒಯ್ಯಿರಿ, ಎಟಿಎಂ ಕಾರ್ಡ್ ಅಕ್ಕನ ಹತ್ತಿರ ಇರಲಿ ಅಂದೆ. ಹೋದದ್ದನ್ನು ವಾಪಸ್ ತರ್ತೀನಿ ಅಂತ ಸಾಲ ಮಾಡೋ ಮಟ್ಟಕ್ಕೆ ಯಾರಾದರೂ ಹೋಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿಸಿ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಗ್ರಾಫಿಕ್ಸ್ ಚೆನ್ನಾಗಿದೆ, ಜಾಹೀರಾತು ವಿಪರೀತ. ಐದಕ್ಕೆ ಮೂರು ಸ್ಟಾರ್ ಕೊಡೋಣ ಅಂತಿದ್ದೆ. ಆದರೆ ನೆಟ್ ಇಲ್ಲದಿದ್ದರೆ ಇದು ತೆರೆಯೋದೇ ಇಲ್ಲ, ನಮ್ಮಲ್ಲಿ ಆಷಾಢದ ಮಳೆಗೆ ಕರೆಂಟ್ ಹೋದ ಹಿಂದೆಯೇ ಟವರೂ ಹೋಗುತ್ತೆ. ಅದಕ್ಕೆ ಒಂದು ಸ್ಟಾರ್ ಕಟ್.