ನಿಧಾನದ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಮಿಂಟ್ ಎಕ್ಸ್‌ಎಫ್‌ಸಿಇ: ದೀರ್ಘ ಬಳಕೆಯ ನಂತರ

ಗೆಳೆಯರ ಲ್ಯಾಪ್‌ಟಾಪ್ ತೆವಳುತ್ತಿದೆ ಅಂದರೆ ಮೊದಲು ಟಾಸ್ಕ್ ಮ್ಯಾನೇಜರ್ ತೆರೆದು ಡಿಸ್ಕ್ ಕಾಲಂ ನೋಡಿ. ಏನೂ ಮಾಡದೆ ಸುಮ್ಮನಿದ್ದಾಗಲೂ ಅದು 100%ಕ್ಕೆ ಅಂಟಿಕೊಂಡಿದ್ದರೆ ತೊಂದರೆ ಹೆಚ್ಚಾಗಿ ನಿಧಾನವಾಗಿ ತಿರುಗುವ 5400 ಆರ್‌ಪಿಎಂ ಹಾರ್ಡ್ ಡಿಸ್ಕ್‌ನದು. ವಿಂಡೋಸ್ ಬದಲು ಬಳಸಬಹುದಾದ ಉಚಿತ ಸಿಸ್ಟಂ ಲಿನಕ್ಸ್‌ನ ಯಾವ ಬಗೆ ಹಾಕಿದರೂ ಆ ತೊಂದರೆ ಪೂರ್ತಿ ಹೋಗುವುದಿಲ್ಲ. ಅದರ ಬದಲು 2.5 ಇಂಚಿನ ಸಾಟಾ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್) ಹಾಕಿಸಿ, 240 ಜಿಬಿ ಧಾರಾಳ. 4 ಜಿಬಿ ರ್‍ಯಾಮ್ ಇದ್ದು ಸ್ಲಾಟ್ ಖಾಲಿಯಿದ್ದರೆ ಇನ್ನೊಂದು 4 ಜಿಬಿ ಸೇರಿಸಿ. ಸಿಸ್ಟಂ ಯಾವುದು ಅನ್ನುವ ಮಾತು ಆಮೇಲೆ.

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಅಧಿಕೃತವಾಗಿ ಇಂಟೆಲ್ 8ನೇ ತಲೆಮಾರಿಗಿಂತ ಹಳೆಯ ಪ್ರೊಸೆಸರ್‌ಗಳನ್ನು ಬಹುತೇಕ ಒಪ್ಪುವುದಿಲ್ಲ. ಅಂಥ ಯಂತ್ರಕ್ಕೆ ನನ್ನ ಆಯ್ಕೆ ಲಿನಕ್ಸ್ ಮಿಂಟ್ 22ರ ಎಕ್ಸ್‌ಎಫ್‌ಸಿಇ ಆವೃತ್ತಿ, ಅಂದರೆ ಸರಳ ಡೆಸ್ಕ್‌ಟಾಪ್ ಇರುವ ಮಿಂಟ್. ಇದು ಎಲ್ಲಕ್ಕಿಂತ ಹಗುರವೇನಲ್ಲ. ಸುಮ್ಮನಿದ್ದಾಗಲೇ ಹೆಚ್ಚುಕಡಿಮೆ ಒಂದು ಜಿಬಿ ರ್‍ಯಾಮ್ ನುಂಗುತ್ತದೆ. ಆಂಟಿಎಕ್ಸ್ ಎಂಬ ಇನ್ನೊಂದು ಲಿನಕ್ಸ್ ಇದಕ್ಕಿಂತ ತುಂಬಾ ಹಗುರ. ಆದರೆ ಹೊಸಬರಿಗೆ ಅದನ್ನು ಕೊಟ್ಟರೆ ವೈಫೈಗೊಂದು, ಪೆನ್‌ಡ್ರೈವ್‌ಗೊಂದು ಫೋನ್ ಬರುತ್ತಲೇ ಇರುತ್ತದೆ. ಮಿಂಟ್‌ನಲ್ಲಿ ಮೆನು ಎಡಗಡೆ ಕೆಳಗೆ, ಗಡಿಯಾರ ಬಲಗಡೆ ಕೆಳಗೆ, ಅಪ್‌ಡೇಟ್ ಬಂದರೆ ಒಂದು ಐಕಾನ್. ವಿಂಡೋಸ್ ಬಳಸಿದವರಿಗೆ ಹೊಸದಾಗಿ ಕಲಿಯುವುದು ಕಡಿಮೆ. 2029ರ ತನಕ ಭದ್ರತಾ ಅಪ್‌ಡೇಟ್ ಸಿಗುತ್ತದೆ.

ಹಾಕುವ ಮುನ್ನ ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಇಲ್ಲದಿದ್ದರೆ ಶಟ್‌ಡೌನ್ ಮಾಡಿದರೂ ವಿಂಡೋಸ್ ಅರ್ಧ ನಿದ್ದೆಯಲ್ಲೇ ಇರುತ್ತದೆ, ಅದರ ಡ್ರೈವ್‌ಗೆ ಲಿನಕ್ಸ್‌ನಿಂದ ಬರೆಯಲು ಆಗುವುದಿಲ್ಲ. ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಬೀಗ) ಇದ್ದರೆ ರಿಕವರಿ ಕೀ ಮೊದಲೇ ಬರೆದಿಟ್ಟುಕೊಳ್ಳಿ. 8 ಜಿಬಿ ಪೆನ್‌ಡ್ರೈವ್‌ಗೆ ರೂಫಸ್ ಎಂಬ ತಂತ್ರಾಂಶದಿಂದ ಮಿಂಟ್‌ನ ಐಎಸ್‌ಒ (ಇನ್‌ಸ್ಟಾಲ್ ಮಾಡುವ ಕಡತ) ಬರೆಯಿರಿ. ಪೆನ್‌ಡ್ರೈವ್‌ನಿಂದ ಶುರುಮಾಡಲು ಬೇಕಾದ ಬೂಟ್ ಮೆನುಗೆ ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9. ಹಲವು ಏಸರ್ ಮಾದರಿಗಳಲ್ಲಿ ಎಫ್12 ಒತ್ತಿದರೂ ಏನೂ ಆಗುವುದಿಲ್ಲ, ಬಯೋಸ್‌ಗೆ (ಯಂತ್ರದ ಮೂಲ ಸೆಟ್ಟಿಂಗ್ ಪರದೆಗೆ) ಹೋಗಿ ಎಫ್12 ಬೂಟ್ ಮೆನುವನ್ನು ಎನೇಬಲ್ ಮಾಡಬೇಕು.

ಇನ್‌ಸ್ಟಾಲ್ ಒತ್ತುವ ಮೊದಲು ಪೆನ್‌ಡ್ರೈವ್‌ನಿಂದಲೇ ಓಡಿಸಿ ವೈಫೈ, ಧ್ವನಿ, ವೆಬ್‌ಕ್ಯಾಮ್ ನೋಡಿಕೊಳ್ಳಿ. ಇನ್‌ಸ್ಟಾಲರ್‌ಗೆ ಡಿಸ್ಕೇ ಕಾಣದಿದ್ದರೆ ಬಯೋಸ್‌ನಲ್ಲಿ ಸಾಟಾ ಮೋಡ್ ಇಂಟೆಲ್ ಆರ್‌ಎಸ್‌ಟಿಯಲ್ಲಿದೆಯೇ ನೋಡಿ, ಎಎಚ್‌ಸಿಐ ಆಗಬೇಕು. ಬ್ರಾಡ್‌ಕಾಮ್ ಚಿಪ್ ಇದ್ದು ವೈಫೈ ಕಾಣದಿದ್ದರೆ ಗಾಬರಿ ಬೇಡ: ಫೋನನ್ನು ಯುಎಸ್‌ಬಿ ಟೆದರಿಂಗ್‌ನಲ್ಲಿ ಜೋಡಿಸಿ, ಡ್ರೈವರ್ ಮ್ಯಾನೇಜರ್ ತೆರೆದು, ಅದು ತೋರಿಸುವ ಡ್ರೈವರ್ ಹಾಕಿ, ರೀಸ್ಟಾರ್ಟ್ ಮಾಡಿ.

ತಿಂಗಳುಗಳು ಕಳೆದ ಮೇಲೆ ಕಾಡುವುದು ಡಿಸ್ಕ್ ತುಂಬುವುದು. ಸಿಸ್ಟಂ ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಲು ಮಿಂಟ್‌ನ ಟೈಮ್‌ಶಿಫ್ಟ್ ತೆಗೆದಿಡುವ ಪ್ರತಿಗಳನ್ನು (ಸ್ನ್ಯಾಪ್‌ಶಾಟ್) ಮಿತಿಗೊಳಿಸಿ. ದಿನದವು ಎರಡು, ವಾರದ್ದು ಒಂದು ಮಾತ್ರ ಉಳಿಯಲಿ. ಅಪ್‌ಡೇಟ್ ಮ್ಯಾನೇಜರ್‌ನ ಪ್ರಿಫರೆನ್ಸಸ್‌ನಲ್ಲಿ ಆಟೊಮೇಷನ್ ಟ್ಯಾಬ್‌ಗೆ ಹೋಗಿ ಹಳೆ ಕರ್ನೆಲ್‌ಗಳು (ಸಿಸ್ಟಂನ ತಿರುಳು ಭಾಗದ ಹಳೆ ಆವೃತ್ತಿಗಳು) ತಾನಾಗಿ ಅಳಿಯುವಂತೆ ಟಿಕ್ ಹಾಕಿ. ಟೈಮ್‌ಶಿಫ್ಟ್ ಮೂಲ ಸೆಟ್ಟಿಂಗ್‌ನಲ್ಲಿ ನಮ್ಮ ಕಡತಗಳಿರುವ ಹೋಮ್ ಫೋಲ್ಡರನ್ನು ಸೇರಿಸುವುದಿಲ್ಲ. ಫೋಟೊ, ಕಾಗದಪತ್ರಗಳ ಬ್ಯಾಕಪ್ ಬೇರೆಯೇ ಇರಬೇಕು, ಇದನ್ನು ಗೆಳೆಯರಿಗೆ ಎರಡು ಸಲ ಹೇಳಿ.

ಕನ್ನಡ ಟೈಪಿಂಗ್‌ಗೆ ಐಬಸ್-ಎಂ17ಎನ್ ಪ್ಯಾಕೇಜ್ ಹಾಕಿ, ಲಾಗ್‌ಔಟ್ ಆಗಿ ಬಂದು ಕನ್ನಡದಡಿ ಕೆಜಿಪಿ ಆರಿಸಿ. ಅದು ನುಡಿ ತಂತ್ರಾಂಶದ ಕೀಲಿಮಣೆ ವಿನ್ಯಾಸವೇ, ಕೈಗೆ ರೂಢಿಯಾದದ್ದು ಬದಲಾಗುವುದಿಲ್ಲ. ಆದರೆ ಹಳೆಯ ನುಡಿ, ಬರಹ ಕಡತಗಳನ್ನು ಲಿಬ್ರೆಆಫೀಸ್‌ನಲ್ಲಿ (ಮಿಂಟ್‌ನಲ್ಲಿ ವರ್ಡ್ ಬದಲಿಗಿರುವುದು) ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಅವು ಈಗ ಎಲ್ಲೆಡೆ ಬಳಸುವ ಅಕ್ಷರ ಸಂಕೇತವಾದ ಯೂನಿಕೋಡ್‌ನಲ್ಲಿಲ್ಲ. ಆ ಫಾಂಟ್ ಫೈಲ್‌ಗಳನ್ನು ಹಾಕಿದರೆ ಓದಬಹುದು. ಹುಡುಕಬೇಕು, ತಿದ್ದಬೇಕು ಅಂದರೆ ಯೂನಿಕೋಡ್‌ಗೆ ಪರಿವರ್ತಿಸಲೇಬೇಕು.

4 ಜಿಬಿಯಲ್ಲೇ ಉಳಿದ ಯಂತ್ರದಲ್ಲಿ ಬ್ರೌಸರ್‌ನ ಹತ್ತು ಟ್ಯಾಬ್ ತೆರೆದರೆ ಮಿಂಟ್ ಕೂಡ ಏದುಸಿರು ಬಿಡುತ್ತದೆ. ವಿಂಡೋ ಮ್ಯಾನೇಜರ್ ಟ್ವೀಕ್ಸ್‌ನಲ್ಲಿ ಕಂಪೋಸಿಟರ್ (ಕಿಟಕಿಗಳ ನೆರಳು, ಪಾರದರ್ಶಕತೆ ತೋರಿಸುವುದು) ಆಫ್ ಮಾಡಿದರೆ ಸ್ವಲ್ಪ ಚುರುಕಾದೀತು, ಆದರೆ ವಿಡಿಯೊದಲ್ಲಿ ಗೆರೆ ಸೀಳಿದಂತೆ ಕಾಣಬಹುದು.

ಇನ್ನು ಪ್ರಿಂಟರ್. ಎಚ್‌ಪಿಯವು ಬಹುತೇಕ ಎಚ್‌ಪಿಲಿಪ್ ಎಂಬ ಎಚ್‌ಪಿಯದೇ ಲಿನಕ್ಸ್ ಡ್ರೈವರ್‌ನಿಂದ ಸಲೀಸಾಗಿ ನಡೆಯುತ್ತವೆ. ನಮ್ಮ ಅಂಗಡಿ, ಆಫೀಸುಗಳಲ್ಲಿ ಮಾಮೂಲಾಗಿರುವ ಕ್ಯಾನನ್ ಎಲ್‌ಬಿಪಿ2900 ಹಾಗಲ್ಲ, ಅದರ ಕ್ಯಾಪ್ಟ್ ಡ್ರೈವರ್ ತಲೆನೋವು. ಗೆಳೆಯರ ಬಳಿ ಅದೇ ಇದ್ದರೆ ವಿಂಡೋಸ್ ಅಳಿಸಬೇಡಿ; ಪಕ್ಕದಲ್ಲಿ 60 ಜಿಬಿ ಜಾಗ ಮಾಡಿ ಮಿಂಟ್ ಹಾಕಿ.